ಸಿಕ್ಕ ಸೀಟು ಬಿಟ್ಟು ನಿಲ್ಲುತ್ತಿದ್ದ ಅಕ್ಕ: ಸುಸ್ತು ಮತ್ತು ನಿದ್ದೆಯ ಒಂದು ಪ್ರಕರಣ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನ ಕ್ಲಿನಿಕ್ ಶುರುವಾಗಿ ಇಪ್ಪತ್ತೆರಡು ವರ್ಷ. ಸಂಜೆ ಏಳೂವರೆ ದಾಟಿದ ಮೇಲೆ ಬರುವವರು ಬಹುಪಾಲು ಲೋಕಲ್ ರೈಲು ಇಳಿದು ನೇರ ಬಂದವರು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಖಾಲಿ ಡಬ್ಬಿಯ ಚೀಲ, ಮಳೆಗಾಲವಾದರೆ ನೀರು ಸೋರುವ ಛತ್ರಿ. ಕುರ್ಚಿಯಲ್ಲಿ ಕೂತೊಡನೆ ಅವರ ಬಾಯಿಂದ ಬರುವ ಮೊದಲ ಮಾತು "ಸುಸ್ತು". ಈ ಮಾತನ್ನು ನಾವು ವೈದ್ಯರು ಎಷ್ಟು ಅವಸರದಲ್ಲಿ ಕೇಳಿಸಿಕೊಳ್ಳುತ್ತೇವೆ ಎಂಬುದು ನನಗೆ ಮನದಟ್ಟಾದದ್ದು 2023ರಲ್ಲಿ, ಇಲ್ಲಿ ಬರೆಯುತ್ತಿರುವ ಪ್ರಕರಣದಿಂದ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ. ನನಗಿಂತ ಎರಡು ವರ್ಷಕ್ಕೆ ಚಿಕ್ಕವರಾದರೂ ನಮ್ಮ ಕುಂದಾಪುರದ ಕಡೆಯ ರೂಢಿಯಂತೆ ನಾನು ಅವರನ್ನು ಅಕ್ಕ ಎನ್ನುತ್ತೇನೆ. ಇಲ್ಲೂ ಹಾಗೇ ಇರಲಿ.

ಅಕ್ಕನಿಗೆ ಆಗ 47 ವರ್ಷ. ತವರು ಧಾರವಾಡ, ಮದುವೆಯಾಗಿ ಡೊಂಬಿವಲಿಗೆ ಬಂದವರು. ಮುಂಬೈಯ ಫೋರ್ಟ್ ಪ್ರದೇಶದ ಒಂದು ಕಚೇರಿಯಲ್ಲಿ ಅಕೌಂಟ್ಸ್ ಕೆಲಸ. ಮನೆಯಲ್ಲಿ ಐದು ಜನ: ಗಂಡ, ಹನ್ನೆರಡನೆಯ ಕ್ಲಾಸಿನ ಮಗಳು, ಎಂಟನೆಯ ಕ್ಲಾಸಿನ ಮಗ, 78 ವರ್ಷದ ಅತ್ತೆ. ಇರುವುದು ಹಳೆಯ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ, ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ನಲ್ಲಿಯಲ್ಲಿ ನೀರು ಬರುವುದು ನಸುಕಿನ 4:45ರಿಂದ ಸುಮಾರು ಒಂದು ಗಂಟೆ. ಆ ನೀರು ಹಿಡಿಯದಿದ್ದರೆ ಇಡೀ ದಿನ ಇಲ್ಲ.

ಮೊದಲ ಸಲ ಬಂದದ್ದು ಜೂನ್ ತಿಂಗಳಲ್ಲಿ. "ಬಾಯಾರ, ಜೀವಾ ಭಾಳ ದಣದದರಿ. ರಾತ್ರಿ ನಿದ್ದಿ ಹತ್ತೂದಿಲ್ಲ. ಕಾಲು ಜಗ್ಗತಾವ. ಮುಂಜಾನೆ ಏಳೂದ್ರಾಗ ಅರ್ಧಾ ಜೀವಾ ಹೋಗಿರತದ" ಎಂದರು. ಬಾಯಾರ ಅಂದರೆ ಅವರ ಕಡೆ ಮೇಡಂ. ಇದು ಎರಡು ವರ್ಷದಿಂದ ನಡೆದಿತ್ತು. ಬೇರೊಬ್ಬ ವೈದ್ಯರು ಎಂಟು ತಿಂಗಳ ಹಿಂದೆ ಬರೆದುಕೊಟ್ಟ ಗಾಬರಿ ತಗ್ಗಿಸಿ ನಿದ್ದೆ ತರುವ ಅಲ್ಪ್ರಜೋಲಾಮ್ 0.25 ಮಿಲಿಗ್ರಾಂ ಮಾತ್ರೆಯನ್ನು ಹೆಚ್ಚುಕಡಿಮೆ ದಿನವೂ ತೆಗೆದುಕೊಳ್ಳುತ್ತಿದ್ದರು. ಅದು ಮುಗಿದ ದಿನ ನೆಗಡಿ, ಅಲರ್ಜಿಗೆ ಕೊಡುವ, ನಿದ್ದೆ ಬರಿಸುವ ಮಾತ್ರೆ. ಅದನ್ನು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಿದ್ದರು.

ಜೊತೆಗೆ ತಂದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 12.2. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಹಾಗಾಗಿ ಲ್ಯಾಬಿನವರು ಅದರ ಕೆಳಗೆ ಗೆರೆ ಎಳೆದಿರಲಿಲ್ಲ. ಥೈರಾಯ್ಡ್ ಸರಿ, ಸಕ್ಕರೆ ಸರಿ. ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ನಾನು ಕೇಸ್ ಪೇಪರಿನಲ್ಲಿ "ನಿದ್ದೆ ಇಲ್ಲ, ಸುಸ್ತು, ಕಾಲು ನೋವು" ಎಂದು ಬರೆದೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟು, ಮಲಗುವ ಮುಂಚೆ ಮೊಬೈಲ್ ನೋಡಬೇಡಿ, ಬಿಸಿ ಹಾಲು ಕುಡಿಯಿರಿ, ಬೇಗ ಹಾಸಿಗೆಗೆ ಹೋಗಿ ಎಂದು ಹೇಳಿ ಕಳಿಸಿದೆ.

ಆ ಕೇಸ್ ಪೇಪರ್ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಎರಡು ತಪ್ಪುಗಳಿವೆ. ಒಂದು, ಅವರು "ಜಗ್ಗತಾವ" ಎಂದದ್ದನ್ನು ನಾನು "ನೋವು" ಎಂದು ಬರೆದೆ. ಇನ್ನೊಂದು, ಬೇಗ ಹಾಸಿಗೆಗೆ ಹೋಗಿ ಎಂದೆ. ಈ ಎರಡನೆಯ ಸಲಹೆಯಿಂದ ಅವರ ತೊಂದರೆ ಇನ್ನಷ್ಟು ಹೆಚ್ಚಿತು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ರೈಲಿನ ಸುದ್ದಿ

ಸರಿದಾರಿ ತೋರಿಸಿದ್ದು ಯಾವ ಪರೀಕ್ಷೆಯೂ ಅಲ್ಲ. ಜುಲೈ ಮೊದಲ ವಾರ ಮಂಗಳೂರು ಕಡೆಯ ಇನ್ನೊಬ್ಬ ಮಹಿಳೆ ಬಿಪಿ ನೋಡಿಸಿಕೊಳ್ಳಲು ಬಂದಿದ್ದರು. ಅಕ್ಕ ಮತ್ತು ಅವರು ದಿನವೂ ಸಂಜೆ ಒಂದೇ ಲೇಡೀಸ್ ಡಬ್ಬಾದಲ್ಲಿ ಬರುವವರು. ಮಾತಿನ ನಡುವೆ ಅವರು ಹೇಳಿದರು: "ಆ ಧಾರವಾಡದವರು ಎಷ್ಟು ಒಳ್ಳೆಯವರು ಗೊತ್ತುಂಟಾ ಡಾಕ್ಟ್ರೇ? ಸಿಎಸ್‌ಎಂಟಿಯಲ್ಲಿ ಹತ್ತಿ ಕಿಟಕಿ ಬದಿ ಸೀಟು ಹಿಡೀತಾರೆ. ಕುರ್ಲಾ ಬರುವಷ್ಟರಲ್ಲಿ ಯಾರಿಗಾದರೂ ಬಿಟ್ಟುಕೊಟ್ಟು ತಾವು ಬಾಗಿಲ ಹತ್ರ ನಿಲ್ತಾರೆ. ದಿನಾ ಹಾಗೇ."

ಸಿಎಸ್‌ಎಂಟಿ ಎಂದರೆ ಮುಂಬೈಯಲ್ಲಿ ಈ ಲೋಕಲ್‌ಗಳು ಹೊರಡುವ ಸ್ಟೇಷನ್. ಅಲ್ಲಿಂದ ಡೊಂಬಿವಲಿಗೆ ಸುಮಾರು 48 ಕಿಲೋಮೀಟರ್. ಫಾಸ್ಟ್ ಹಿಡಿದರೂ ಒಂದು ಗಂಟೆ ಬೇಕು. ಮೂವರು ಕೂರುವ ಜಾಗದಲ್ಲಿ ನಾಲ್ಕನೆಯವರಾಗಿ ಅರ್ಧ ತೊಡೆ ಊರಲು ಸಿಕ್ಕರೂ ಪುಣ್ಯ ಎನ್ನುವ ಹೊತ್ತು ಅದು. ಇನ್ನೊಬ್ಬರ ಸೀಟಿಗೆ "ನೀವು ಎಲ್ಲಿ ಇಳಿಯೋದು" ಎಂದು ಮೊದಲೇ ನಂಬರು ಹಚ್ಚಿಡುತ್ತಾರೆ. ಜೀವ ದಣಿದಿದೆ ಎಂದು ಅಳುವ ಹೆಂಗಸು, ಸಿಕ್ಕ ಸೀಟನ್ನು ದಿನಾ ಬಿಟ್ಟು ಎದ್ದು ನಿಲ್ಲುವುದೆಂದರೆ? ಅವರು ಒಳ್ಳೆಯವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ದಿನವೂ, ಅದೂ ಸಂಜೆ ಹೊತ್ತಿನಲ್ಲೇ?

ಮರುದಿನ ಫೋನ್ ಮಾಡಿ ಕರೆಸಿದೆ, ಬೇರೆ ಯಾರೂ ಇಲ್ಲದ ಮಧ್ಯಾಹ್ನದ ಹೊತ್ತಿಗೆ. ಕಾಲಿಗೆ ಏನಾಗುತ್ತದೆ ಎಂದು ಅವರದೇ ಮಾತಿನಲ್ಲಿ ಹೇಳಲು ಬಿಟ್ಟೆ. "ನೂವು ಅಲ್ಲರಿ. ಒಳಗ ಇರಿವಿ ಹರದಾಡಿದಂಗ ಆಗತದ. ಕಾಲು ಅಲ್ಲಾಡಿಸದ ಇರಾಕ ಆಗೂದಿಲ್ಲ. ಎದ್ದು ನಾಕ ಹೆಜ್ಜಿ ಅಡ್ಡಾಡಿದ್ರ ಆರಾಮ. ಮತ್ತ ಕೂತ್ರ ಮತ್ತ ಶುರು." ಮುಂಜಾನೆ ರೈಲಿನಲ್ಲಿ ಹೀಗಾಗುವುದಿಲ್ಲ. ಸಂಜೆ ಆಗುತ್ತದೆ, ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ಇನ್ನೂ ಜೋರು. ಎಷ್ಟೋ ರಾತ್ರಿ ಹಾಲಿನಲ್ಲಿ ಮಲಗಿದ ಮಕ್ಕಳನ್ನು ದಾಟಿ ಗ್ಯಾಲರಿಗೆ ಹೋಗಿ, ತಣ್ಣಗಿನ ನೆಲದ ಮೇಲೆ ಬರಿಗಾಲಲ್ಲಿ ಅಡ್ಡಾಡಿದ್ದಾರೆ.

ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತೇವೆ. ಇದರ ಪೂರ್ತಿ ವಿವರ ಬರೆದು ಈ ಹೆಸರು ಕೊಟ್ಟವರು ಸ್ವೀಡನ್ನಿನ ನರರೋಗ ವೈದ್ಯ ಕಾರ್ಲ್ ಆಕ್ಸೆಲ್ ಎಕ್‌ಬೊಮ್, 1945ರಲ್ಲಿ. ಗುರುತಿಸಲು ದುಬಾರಿ ಯಂತ್ರ ಬೇಡ, ನಾಲ್ಕು ಪ್ರಶ್ನೆ ಸಾಕು. ಕಾಲು ಅಲ್ಲಾಡಿಸಲೇಬೇಕು ಎನಿಸುತ್ತದೆಯೇ, ಸುಮ್ಮನೆ ಕೂತಾಗ ಅಥವಾ ಮಲಗಿದಾಗ ಹೆಚ್ಚೇ, ನಡೆದರೆ ಕಡಿಮೆಯೇ, ಸಂಜೆ ಮತ್ತು ರಾತ್ರಿ ಜಾಸ್ತಿಯೇ. ಸ್ನಾಯು ಹಿಡಿತ, ನರದ ತೊಂದರೆ, ಒಂದೇ ಭಂಗಿಯಲ್ಲಿ ಕೂತು ಕಾಲು ಜೋಮು ಹಿಡಿಯುವುದು, ಇವು ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅಕ್ಕನ ನಾಲ್ಕೂ ಉತ್ತರ ಹೌದು. ಜೂನ್‌ನಲ್ಲೇ ಕೇಳಬಹುದಿತ್ತು. ಎರಡು ನಿಮಿಷದ ಕೆಲಸ.

ಸುಸ್ತು ಬೇರೆ, ತೂಕಡಿಕೆ ಬೇರೆ

ನಮ್ಮ ಭಾಷೆಯಲ್ಲಿ ಇದಕ್ಕೆ ಮಾತುಗಳ ಕೊರತೆಯಿಲ್ಲ. ಜೊಂಪು, ತೂಕಡಿಕೆ, ಮಂಪರು, ಇವು ನಿದ್ದೆ ಎಳೆಯುವುದಕ್ಕೆ. ದಣಿವು, ಬಳಲಿಕೆ, ಆಯಾಸ, ನಿತ್ರಾಣ, ಇವು ಮೈಯಲ್ಲಿ ಕಸುವಿಲ್ಲದ್ದಕ್ಕೆ. ಮುಂಬೈಗೆ ಬಂದ ಮೇಲೆ ನಾವೆಲ್ಲ ಎಲ್ಲಕ್ಕೂ "ಸುಸ್ತು" ಎಂದುಬಿಡುತ್ತೇವೆ. ವೈದ್ಯರಿಗೆ ಇವೆರಡು ಬೇರೆ ಬೇರೆ ದಾರಿ. ಕೂತಲ್ಲೇ ತೂಕಡಿಸುವವರಿಗೆ ನಿದ್ದೆ ಸಾಲದು, ಅಥವಾ ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ನಿದ್ದೆ ಒಡೆಯುತ್ತಿರುತ್ತದೆ. ದಣಿದಿದ್ದೂ ಹಗಲಲ್ಲಿ ಒಂದು ಕ್ಷಣ ಕಣ್ಣು ಹತ್ತದವರ ಕಥೆ ಬೇರೆ. ಅಲ್ಲಿ ರಕ್ತ, ಥೈರಾಯ್ಡ್, ಮನಸ್ಸಿನ ಕುಗ್ಗುವಿಕೆ ನೋಡಬೇಕು. ಎಚ್ಚರದ ಗುಂಡಿ ಒತ್ತಿಯೇ ಉಳಿದ ಮೆದುಳನ್ನೂ ನೋಡಬೇಕು.

ತೂಕಡಿಕೆಯನ್ನು ಅಳೆಯಲು ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಎಂಟು ಪ್ರಶ್ನೆಗಳ ಎಪ್‌ವರ್ತ್ ಪಟ್ಟಿ ಮಾಡಿದರು. ಓದುವಾಗ, ಟಿವಿ ನೋಡುವಾಗ, ಪ್ರಯಾಣದಲ್ಲಿ, ಊಟದ ಮೇಲೆ ಕೂತಾಗ ಜೊಂಪು ಹತ್ತುವ ಸಂಭವ ಎಷ್ಟು ಎಂದು ಕೇಳುವುದು. ಒಟ್ಟು ಅಂಕ 24, ಹತ್ತು ದಾಟಿದರೆ ಚಿಂತೆ ಮಾಡಬೇಕು. ಅಕ್ಕನ ಅಂಕ 4. ಅಂದರೆ ಅವರಿಗೆ ಹಗಲು ನಿದ್ದೆ ಬರುತ್ತಲೇ ಇರಲಿಲ್ಲ. ಮೈ ಮಾತ್ರ ಸೋತಿತ್ತು.

ಕಾಲಿನ ಹರಿದಾಟಕ್ಕೂ ಕಬ್ಬಿಣದ ಅಂಶಕ್ಕೂ ನೇರ ನಂಟಿದೆ. ಚಲನೆಯನ್ನು ಹಿಡಿತದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ತಯಾರಾಗಲು ಕಬ್ಬಿಣ ಬೇಕು. ಅದಕ್ಕೇ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಬರೆದೆ. ಬಂದದ್ದು 9. ದೊಡ್ಡವರಲ್ಲಿ 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂದು ಲೆಕ್ಕ. ಕಾಲಿನ ಈ ತೊಂದರೆ ಇರುವವರಿಗಂತೂ 75ರ ಒಳಗಿದ್ದರೇ ಕಬ್ಬಿಣ ಕೊಡಬೇಕು.

ಹಿಮೋಗ್ಲೋಬಿನ್ ಸರಿ ಇದ್ದರೂ ಕಬ್ಬಿಣ ಖಾಲಿ ಹೇಗೆ ಎಂದು ಅಕ್ಕ ಕೇಳಿದರು. ಅಕೌಂಟ್ಸಿನವರಲ್ಲವೇ, ಅವರ ಲೆಕ್ಕದಲ್ಲೇ ಹೇಳಿದೆ: ಚಾಲ್ತಿ ಖಾತೆಯಲ್ಲಿ ದಿನದ ಖರ್ಚಿಗೆ ಹಣ ಕಾಣುತ್ತಿದೆ, ಅದನ್ನು ತುಂಬಿಸಲು ಠೇವಣಿಯನ್ನು ಒಂದೊಂದಾಗಿ ಮುರಿಸುತ್ತಾ ಬಂದಿದ್ದೀರಿ. ಠೇವಣಿ ಮುಗಿದ ಮೇಲೇ ಚಾಲ್ತಿ ಖಾತೆ ಇಳಿಯುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12.2 ಇರುವ ಈ ಅಕ್ಕ ಆ 57ರಲ್ಲೂ ಸೇರುವುದಿಲ್ಲ. ಹೀಗೆ ಲೆಕ್ಕದ ಹೊರಗೇ ಉಳಿದವರು ಎಷ್ಟೋ ಎಂದು ನನಗೆ ಆತಂಕವಾಗುತ್ತದೆ.

ಠೇವಣಿ ಕರಗಿದ್ದು ಎಲ್ಲಿ? ಮುಟ್ಟಿನ ಬಗ್ಗೆ ಕೇಳಿದಾಗ "ಎಲ್ಲಾರಿಗೂ ಇರೂದ ಅಲ್ರಿ" ಎಂದು ಮಾತು ತೇಲಿಸಿದರು. ಬಿಡದೆ ಕೇಳಿದೆ. ಒಂದೂವರೆ ವರ್ಷದಿಂದ ತಿಂಗಳಿಗೆ ಎಂಟು ದಿನ, ಮೊದಲ ಮೂರು ದಿನ ಗಡ್ಡೆ ಗಡ್ಡೆ. ಸಿಎಸ್‌ಎಂಟಿ ತಲುಪಿದ ತಕ್ಷಣ ಸ್ಟೇಷನ್ನಿನ ಶೌಚಾಲಯಕ್ಕೆ ಓಡಬೇಕು, ಆ ದಿನಗಳಲ್ಲಿ ಕಪ್ಪು ಸಲ್ವಾರೇ ಆಗಬೇಕು. ಇದನ್ನೆಲ್ಲ ಅವರು ಯಾರಿಗೂ ಹೇಳಿರಲಿಲ್ಲ, ನಿದ್ದೆಗೂ ಇದಕ್ಕೂ ಏನು ಸಂಬಂಧ ಎಂದು. ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಸೋನೋಗ್ರಫಿಯಲ್ಲಿ ಸಣ್ಣದೊಂದು ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ. ರಕ್ತಸ್ರಾವ ತಗ್ಗಿಸಲು ಮುಟ್ಟಿನ ದಿನಗಳಿಗೆ ಮಾತ್ರೆ ಶುರುವಾಯಿತು.

ಇನ್ನೊಂದು ಕೈ ಚಹಾದ್ದು. ದಿನಕ್ಕೆ ಆರು ಕಪ್, ಅದರಲ್ಲಿ ಎರಡು ಊಟ ಮುಗಿದ ಕೂಡಲೇ. ಊಟದ ಜೊತೆಗಿನ ಚಹಾ ಸೊಪ್ಪು, ಕಾಳಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕೊನೆಯ ಕಪ್ ರಾತ್ರಿ ಎಂಟಕ್ಕೆ, ಮನೆ ಸೇರಿದ ಮೇಲೆ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಎಂಟರ ಚಹಾದ ಅರ್ಧ ನಡುರಾತ್ರಿ ದಾಟಿದರೂ ರಕ್ತದಲ್ಲೇ.

ಅಂಗಡಿಯಿಂದ ತಂದ ಅಲರ್ಜಿ ಮಾತ್ರೆಯ ವಿಷಯ ಒತ್ತಿ ಹೇಳಬೇಕು. ಮಂಪರು ತರುವ ಹಳೆಯ ಕಾಲದ ಆ ಮಾತ್ರೆಗಳು ಕಾಲಿನ ಹರಿದಾಟವನ್ನು ಕೆರಳಿಸುತ್ತವೆ. ನಿದ್ದೆಗೆಂದು ನುಂಗಿದ್ದು ನಿದ್ದೆಯನ್ನೇ ಕೆಡಿಸುತ್ತಿತ್ತು. ನಾನು ಅಕ್ಕನಿಂದ ಬರೆಸಿದ ನಿದ್ದೆಯ ಡೈರಿಯಲ್ಲಿ ಅತಿ ಕೆಟ್ಟ ಮೂರು ರಾತ್ರಿಗಳೂ ಆ ಮಾತ್ರೆಯ ರಾತ್ರಿಗಳು. ಅಂದೇ ಬಿಡಿಸಿದೆ.

ಔಷಧಿ: ಮೂಲ ಕಬ್ಬಿಣ 100 ಮಿಲಿಗ್ರಾಂ ಇರುವ ಮಾತ್ರೆ, ದಿನ ಬಿಟ್ಟು ದಿನ, ಮುಂಜಾನೆ ಖಾಲಿ ಹೊಟ್ಟೆಗೆ ನಿಂಬೆ ನೀರಿನ ಜೊತೆ, ಆಮೇಲೆ ಒಂದು ಗಂಟೆ ಚಹಾ ಇಲ್ಲ. ದಿನವೂ ತೆಗೆದುಕೊಂಡರೆ ಬೇಗ ಏರುತ್ತದೆ ಎಂದು ನಾವೂ ಮೊದಲು ನಂಬಿದ್ದೆವು. ಒಂದು ಮಾತ್ರೆ ನುಂಗಿದಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಒಂದು ದಿನದ ಮಟ್ಟಿಗೆ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ಬಿಟ್ಟು ಬಿಟ್ಟು ಕೊಟ್ಟರೆ ನುಂಗಿದ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಒಳಗೆ ಹೋಗುತ್ತದೆ ಎಂದು 2017ರ ಅಧ್ಯಯನ ತೋರಿಸಿತು. ಹೊಟ್ಟೆಯುರಿ, ಮಲಬದ್ಧತೆಯೂ ಕಡಿಮೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಮುಂಚೆಯೇ ಹೇಳಿದ್ದೆ. ಹೇಳದಿದ್ದರೆ ಅರ್ಧ ಜನ ಅಲ್ಲಿಗೇ ನಿಲ್ಲಿಸುತ್ತಾರೆ.

ಆರನೆಯ ವಾರ ಮೆಸೇಜ್ ಬಂತು: "ಇವತ್ತ ಠಾಣೆ ತನಕಾ ಕೂತ ಬಂದೆ." ಕುರ್ಲಾ ದಾಟಿ ಬಹಳ ಮುಂದಿನ ಸ್ಟೇಷನ್ ಅದು.

ಹಾಸಿಗೆಯ ಲೆಕ್ಕ

ಕಾಲು ಶಾಂತವಾದ ಮಾತ್ರಕ್ಕೆ ನಿದ್ದೆ ಬರಲಿಲ್ಲ. ಎರಡು ವರ್ಷ ಹಾಸಿಗೆಯ ಮೇಲೆ ಒದ್ದಾಡಿದವರಿಗೆ ಹಾಸಿಗೆ ಕಂಡರೇ ಎಚ್ಚರ. ಹಾಲಿನಲ್ಲಿ ಮಗಳ ಪಕ್ಕ ಗೋಡೆಗೆ ಒರಗಿದರೆ ಕಣ್ಣು ಮುಚ್ಚಿಕೊಳ್ಳುತ್ತವೆ, ಮಂಚಕ್ಕೆ ಬಂದು ದೀಪ ಆರಿಸಿದರೆ ಕಣ್ಣು ತೆರೆದುಕೊಳ್ಳುತ್ತವೆ. ವಾರಕ್ಕೆ ಕನಿಷ್ಠ ಮೂರು ರಾತ್ರಿ, ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹೀಗೆ ನಡೆದರೆ ಅದು ದೀರ್ಘಕಾಲದ ನಿದ್ರಾಹೀನತೆ. ಶುರುಮಾಡಿದ ಕಾರಣ ಹೋದರೂ ಅಭ್ಯಾಸವಾಗಿ ಉಳಿಯುತ್ತದೆ. ಇದಕ್ಕೆ ಮಾತ್ರೆಗಿಂತ ಮೊದಲು ಅಭ್ಯಾಸ ತಿದ್ದುವ ಚಿಕಿತ್ಸೆಯೇ ಆಗಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ವೈದ್ಯರಿಗೆ ಸೂಚಿಸಿದೆ.

ಜುಲೈನಲ್ಲೇ ಎರಡು ವಾರ ನಿದ್ದೆಯ ಡೈರಿ ಬರೆಸಿದ್ದೆ. ಮಗನ ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂಬದಿ. ಗಡಿಯಾರ ನೋಡುತ್ತಾ ಕೂರಬೇಡಿ, ಮುಂಜಾನೆ ಎದ್ದು ಅಂದಾಜಿನಲ್ಲಿ ಬರೆಯಿರಿ ಎಂದಿದ್ದೆ. ಲೆಕ್ಕದ ಮನುಷ್ಯೆ, ಕೊನೆಯಲ್ಲಿ ಸರಾಸರಿಯನ್ನೂ ತಾವೇ ತೆಗೆದು ಕೆಂಪು ಪೆನ್ನಿನಲ್ಲಿ ಬರೆದು ತಂದರು. ಹಾಸಿಗೆಯಲ್ಲಿ ಕಳೆದದ್ದು 6 ಗಂಟೆ 50 ನಿಮಿಷ, ನಿದ್ದೆ 4 ಗಂಟೆ 25 ನಿಮಿಷ. ನೂರಕ್ಕೆ 65. ಶನಿವಾರ ರಾತ್ರಿ ಹತ್ತಕ್ಕೆ ಮಲಗಿ ಭಾನುವಾರ ಎಂಟರ ತನಕ ಹಾಸಿಗೆ, ಮಧ್ಯಾಹ್ನ ಮತ್ತೆ ಎರಡು ಗಂಟೆ. ಭಾನುವಾರ ರಾತ್ರಿ ಡೈರಿಯಲ್ಲಿ ಬರೀ ಒಂದು ಅಡ್ಡಗೆರೆ.

ನಾನು ಜೂನ್‌ನಲ್ಲಿ ಬೇಗ ಹಾಸಿಗೆಗೆ ಹೋಗಿ ಎಂದದ್ದು ಎಂಥ ತಪ್ಪು ಎಂದು ಇಲ್ಲೇ ಕಾಣುತ್ತದೆ. ನಿದ್ದೆಯ ಒತ್ತಡ ಹಸಿವಿನ ಹಾಗೆ. ಎಚ್ಚರವಿದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗಿ ನಿದ್ದೆ ಎಳೆಯುತ್ತದೆ. ಅದರ ಜೊತೆಗೆ ಮೈಯೊಳಗಿನ ಗಡಿಯಾರ ಸೇರಬೇಕು. ಈ ಎರಡು ಕೂಡಿದಾಗಲೇ ನಿದ್ದೆ ಎಂದು ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ವಿವರಿಸಿದರು. ಸಂಜೆ ಐದಕ್ಕೆ ಹೊಟ್ಟೆ ತುಂಬ ಗಿರ್ಮಿಟ್ ತಿಂದು ರಾತ್ರಿ ಊಟ ಸೇರುವುದಿಲ್ಲ ಎಂದರೆ ಧಾರವಾಡದ ಯಾವ ತಾಯಿಯಾದರೂ ಬೈಯುತ್ತಾಳೆ. ಭಾನುವಾರ ಮಧ್ಯಾಹ್ನದ ಎರಡು ಗಂಟೆ ನಿದ್ದೆ ಆ ಗಿರ್ಮಿಟ್ ಎಂದೆ. ಅಕ್ಕನಿಗೆ ತಕ್ಷಣ ಅರ್ಥವಾಯಿತು.

ಆಗಸ್ಟ್ ಕೊನೆಯಲ್ಲಿ, ಕಾಲು ತಕ್ಕಮಟ್ಟಿಗೆ ತಣಿದ ಮೇಲೆ, ಮಲಗುವ ಹೊತ್ತನ್ನು ಬಿಗಿ ಮಾಡಿದೆವು. ಮನೋವಿಜ್ಞಾನಿ ಆರ್ಥರ್ ಸ್ಪೀಲ್ಮನ್ 1987ರಲ್ಲಿ ಬರೆದ ವಿಧಾನ ಇದು. ನಿಜವಾಗಿ ಎಷ್ಟು ನಿದ್ದೆ ಬರುತ್ತಿದೆಯೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಾಸಿಗೆ, ಆದರೆ ಐದು ಗಂಟೆಗಿಂತ ಕಡಿಮೆ ಮಾಡುವಂತಿಲ್ಲ. ರಾತ್ರಿ 11:30ರಿಂದ 4:45, ಭಾನುವಾರವೂ ಅಷ್ಟೇ. ಅಕ್ಕ ನನ್ನ ಮುಖ ನೋಡಿ "ನಿದ್ದಿ ಕಡಿಮಿ ಅಂತ ನಿಮ್ಮ ಹತ್ರ ಬಂದ್ರ, ಇನ್ನೂ ಕಡಿಮಿ ಮಲಕೋ ಅಂತೀರಲ್ರಿ?" ಎಂದರು. ಕಣ್ಣಲ್ಲಿ ನೀರಿತ್ತು. ಎರಡು ವಾರ ಕಷ್ಟವಾಗುತ್ತದೆ, ನಾನು ದಿನಾ ರಾತ್ರಿ ಒಂದು ಮೆಸೇಜ್ ಹಾಕುತ್ತೇನೆ ಎಂದು ಮಾತು ಕೊಟ್ಟೆ. (ಸ್ಕೂಟರ್, ಗಾಡಿ, ಯಂತ್ರ ನಡೆಸುವವರು, ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆಯವರು ಇದನ್ನು ಮನೆಯಲ್ಲೇ ಓದಿ ಮಾಡಬಾರದು. ಅಕ್ಕ ಹೋಗುವುದು ರೈಲಿನಲ್ಲಿ, ಆ ಧೈರ್ಯ ನನಗಿತ್ತು.)

ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ನಿದ್ದೆ ಎಳೆದಾಗ ಮಾತ್ರ ಮರಳಬೇಕು ಎಂಬುದು ಈ ಚಿಕಿತ್ಸೆಯ ಇನ್ನೊಂದು ನಿಯಮ, 1972ರಲ್ಲಿ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ ಹೇಳಿದ್ದು. ಐದು ಜನರ ಡೊಂಬಿವಲಿ ಮನೆಯಲ್ಲಿ ಬೇರೆ ಕೋಣೆ ಎಲ್ಲಿಂದ ತರುವುದು? ಹಾಲಿನಲ್ಲಿ ಅತ್ತೆ, ಮಕ್ಕಳು. ಉಳಿದದ್ದು ಅಡುಗೆಮನೆ. ಮೊದಲ ರಾತ್ರಿ ಅಲ್ಲಿ ಹೋಗಿ ಕೂತವರು ಸುಮ್ಮನಿರಲಾರದೆ ಮರುದಿನದ ಮೆಂತ್ಯ ಸೊಪ್ಪು ಬಿಡಿಸಿದರು, ಎರಡನೆಯ ರಾತ್ರಿ ಗ್ಯಾಸ್ ಕಟ್ಟೆ ತೊಳೆದರು. ಕೈಗೆ ಕೆಲಸ ಹತ್ತಿದರೆ ನಿದ್ದೆ ಹಾರುತ್ತದೆ. ಕೊನೆಗೆ ಫ್ರಿಜ್ಜಿನ ಪಕ್ಕ ಒಂದು ಮಣೆ, ಗೋಡೆಗೆ ದಿಂಬು, ಝೀರೋ ಬಲ್ಬು, ಒಂದು ಹಳೆಯ ದೀಪಾವಳಿ ವಿಶೇಷಾಂಕ. ಹನ್ನೊಂದು ಗಂಟೆಯ ಮೇಲೆ ಅಡುಗೆಮನೆಯಲ್ಲಿ ಯಾವ ಪಾತ್ರೆಯನ್ನೂ ಮುಟ್ಟುವಂತಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಆ ಚೀಟಿ ಫ್ರಿಜ್ಜಿಗೆ ಅಂಟಿಸಿದ್ದಾರೆ, ನಾನೇ ನೋಡಿದ್ದೇನೆ.

ಎರಡನೆಯ ವಾರದ ಕೊನೆಗೆ 5 ಗಂಟೆ 15 ನಿಮಿಷದಲ್ಲಿ 4 ಗಂಟೆ 40 ನಿಮಿಷ ನಿದ್ದೆ. ನೂರಕ್ಕೆ 89. ಒಟ್ಟು ನಿದ್ದೆ ಹದಿನೈದೇ ನಿಮಿಷ ಹೆಚ್ಚಿದ್ದು. ಅಕ್ಕ ಹೇಳಿದ್ದು ಬೇರೆ: "ಈಗ ನಿದ್ದಿ ಅಖಂಡ ಅದರಿ. ಮೊದಲು ಚೂರುಚೂರು ಇತ್ತು." ನೂರಕ್ಕೆ 85 ದಾಟಿದರೆ ಹಾಸಿಗೆಯ ಹೊತ್ತನ್ನು ಹದಿನೈದು ನಿಮಿಷ ಹೆಚ್ಚಿಸಬೇಕು. ಹೆಚ್ಚಿಸಿದೆವು. ಅಷ್ಟರಲ್ಲಿ ಗಣಪತಿ ಬಂತು.

ನೀರು

2023ರ ಗಣೇಶ ಚತುರ್ಥಿ ಸೆಪ್ಟೆಂಬರ್ 19. ಮನೆಯಲ್ಲಿ ಐದು ದಿನದ ಗಣಪತಿ, ಊರಿನಿಂದ ನಾದಿನಿಯ ಕುಟುಂಬ, ಒಂಬತ್ತು ಜನರ ಅಡುಗೆ, ರಾತ್ರಿ ಒಂದರ ತನಕ ಕಡುಬು. ಡೈರಿ ನಿಂತಿತು, ಚಹಾ ಏರಿತು, ಕಬ್ಬಿಣದ ಮಾತ್ರೆ ಹತ್ತು ದಿನ ಮರೆತೇಹೋಯಿತು, ಕಾಲಿನ ಇರುವೆ ಮರಳಿತು. ಅಕ್ಟೋಬರ್ ಮೊದಲ ವಾರ ಬಂದವರು "ನನ್ನ ಕೈಲೆ ಆಗೂದಿಲ್ಲ" ಎಂದು ಫೈಲನ್ನು ಮೇಜಿನ ಮೇಲಿಟ್ಟರು.

ಆ ದಿನ ನಾನು ಗಂಡನನ್ನು ಕರೆತರಲು ಹೇಳಿದೆ. ಇಷ್ಟು ತಡ ಮಾಡಿದ್ದು ನನ್ನ ಮೂರನೆಯ ತಪ್ಪು. ಲೆಕ್ಕ ಸರಳ: ರಾತ್ರಿ ಕೆಲಸ ಮುಗಿಯುವುದು ಹತ್ತೂವರೆ, ಹನ್ನೊಂದು. ನೀರು ಬರುವುದು 4:45. ನಡುವೆ ಉಳಿದದ್ದು ಆರು ಗಂಟೆಯ ಆಸುಪಾಸು. ಕಾಲು ವಾಸಿಯಾದರೂ, ಅಭ್ಯಾಸ ತಿದ್ದಿದರೂ, ಬಂದ ನಿದ್ದೆಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಆ ಅಂಕಿಗಳ ನಡುವಿನ ಅಂತರವೇ ನನ್ನ ಕ್ಲಿನಿಕ್ಕಿನ ಸಂಜೆಯ ಸಾಲು ಎಂದು ನನಗೆ ಅನಿಸುತ್ತದೆ.

ಗಂಡ ಇಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಜನರಲ್ ಶಿಫ್ಟಿನಲ್ಲಿರುವವರು, ಸಂಜೆ ಆರಕ್ಕೆ ಮನೆಯಲ್ಲಿರುತ್ತಾರೆ. ಕೆಟ್ಟವರಲ್ಲ. ಡೈರಿ ತೆರೆದು ಅವರ ಮುಂದೆ ಇಟ್ಟೆ. ಮಗನ ನೋಟ್‌ಬುಕ್ಕಿನಲ್ಲಿ ಹೆಂಡತಿಯ ಅಕ್ಷರ, 14 ರಾತ್ರಿಗಳು, ಒಂದರ ಕೆಳಗೊಂದು. ಬೆರಳು ಇಟ್ಟು ಒಂದೊಂದೇ ಸಾಲು ಓದಿದರು. "1:10ಕ್ಕೆ ಗ್ಯಾಲರಿ. 2:00 ಮತ್ತ ಗ್ಯಾಲರಿ. 3:30 ಎಚ್ಚರ. 4:45 ನೀರು." ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಆಕಿ ಒಂದಿನಾನೂ ಹೇಳಿಲ್ರಿ ನನಗ. ನಾ ಬಾಜೂಕ ಮಲಗಿರತೇನಿ" ಎಂದರು. ಅಕ್ಕ ಗೋಡೆಯ ಕಡೆ ನೋಡುತ್ತಿದ್ದರು.

ಅಲ್ಲೇ ಕೂತು ಹಂಚಿದೆವು. ನೀರು ಅವರದು. ಸಂಜೆಯ ಅನ್ನ, ಕುಕ್ಕರ್ ಅವರದು, ಅಕ್ಕ ಬಂದು ರೊಟ್ಟಿ, ಪಲ್ಯ. ಪಾತ್ರೆ ಮಗನದು. ಅತ್ತೆ ಇದಕ್ಕೆ ಒಪ್ಪುತ್ತಾರೋ ಎಂಬ ಅಳುಕಿತ್ತು. ಅವರು ಒಂದೇ ಮಾತು ಹೇಳಿದರಂತೆ, ತಮ್ಮ ಕಾಲದಲ್ಲಿ ತಮಗೂ ಯಾರಾದರೂ ನೀರು ಹಿಡಿದುಕೊಟ್ಟಿದ್ದರೆ ಬೇಡ ಎನ್ನುತ್ತಿರಲಿಲ್ಲ ಎಂದು.

ಏಳುವ ಹೊತ್ತು 5:30ಕ್ಕೆ ಸರಿಯಿತು. ಅಕ್ಟೋಬರ್ ಮಧ್ಯದಿಂದ ಅಲ್ಪ್ರಜೋಲಾಮ್ ಇಳಿಸತೊಡಗಿದೆವು. ಮೂರು ವಾರ ಅರ್ಧ ಮಾತ್ರೆ, ಐದು ವಾರ ಕಾಲು ಮಾತ್ರೆ, ಆಮೇಲೆ ಬಂದ್. ಇದನ್ನು ಒಮ್ಮೆಲೇ ನಿಲ್ಲಿಸಬಾರದು. ನಿದ್ದೆ ಇನ್ನೂ ಕೆಡುತ್ತದೆ, ನಡುಕ, ಗಾಬರಿ ಆಗುತ್ತದೆ, ಬಹಳ ಕಾಲ ತೆಗೆದುಕೊಂಡವರಿಗೆ ಫಿಟ್ಸ್ ಕೂಡ ಬರಬಹುದು. ಅರ್ಧಕ್ಕೆ ಇಳಿಸಿದ ಮೊದಲ ನಾಲ್ಕು ರಾತ್ರಿ ಕೆಟ್ಟಿದ್ದವು, ದೀಪಾವಳಿಯ ವಾರ ಇನ್ನೊಮ್ಮೆ. ಅಷ್ಟೇ.

2024ರ ಜನವರಿಯ ಲೆಕ್ಕ: ಹಾಸಿಗೆ ರಾತ್ರಿ 11ರಿಂದ 5:30, ನಿದ್ದೆ ಸರಾಸರಿ 5 ಗಂಟೆ 50 ನಿಮಿಷ. ಮುಟ್ಟು ಐದು ದಿನ. ಫೆರಿಟಿನ್ 46. ಇನ್ನೂ 75ಕ್ಕೆ ದೂರ, ಮಾತ್ರೆ ಮುಂದುವರಿಯಬೇಕು. ಚಹಾ ಮೂರು ಕಪ್, ಕೊನೆಯದು ಕಚೇರಿಯಲ್ಲಿ ಮೂರು ಗಂಟೆಗೆ. ಈ ಆರು ಗಂಟೆ ಅವರಿಗೆ ಸಾಕೇ ಎಂದು ಕೇಳಿದರೆ ನನ್ನ ಉತ್ತರ ಸಾಲದು ಎಂದೇ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ಎರಡು ದಿಕ್ಕಿನ ಪ್ರಯಾಣಕ್ಕೆ ದಿನಕ್ಕೆ ಮೂರು ಗಂಟೆ ಹೋಗುವ ಊರಿನಲ್ಲಿ ಆ ಉಳಿದ ಒಂದು ಗಂಟೆಯನ್ನು ಎಲ್ಲಿಂದ ಕಿತ್ತು ತರುವುದೋ ನನ್ನ ಹತ್ತಿರ ಔಷಧಿಯಿಲ್ಲ. ಕಚೇರಿಯಲ್ಲಿ ವಾರಕ್ಕೆ ಒಂದು ದಿನ ಮನೆಯಿಂದ ಕೆಲಸ ಕೇಳಿ ಎಂದು ಒತ್ತಾಯಿಸುತ್ತಿದ್ದೇನೆ, ಪತ್ರವನ್ನೂ ಬರೆದುಕೊಟ್ಟಿದ್ದೇನೆ.

ಈಗ ನನ್ನ ತಲೆಯಲ್ಲಿರುವುದು ಗಂಡನ ವಿಷಯ. ಆ ಅಕ್ಟೋಬರ್ ದಿನ, ಹೆಂಡತಿ ತುಂಬಿದ ಎಪ್‌ವರ್ತ್ ಪಟ್ಟಿಯನ್ನು ನೋಡಿ ಅವರೂ ಒಂದು ಹಾಳೆ ಕೇಳಿ ತುಂಬಿದ್ದರು. ಅಂಕ 15. ಕುತ್ತಿಗೆ ದಪ್ಪ, ಬಿಪಿ ಮಾತ್ರೆ ಎರಡು, ಗೊರಕೆ ಹಾಲಿನ ತನಕ ಕೇಳುತ್ತದೆ ಎಂದು ಮಗಳೇ ಹೇಳಿದಳು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಎಲ್ಲ ಲಕ್ಷಣ. ಅಂಥವರಿಗೆ ನಾನು ನಸುಕಿನ ನೀರು ಹೊರಿಸಿದ್ದೇನೆ, ಅವರು ಕೆಲಸಕ್ಕೆ ಹೋಗುವುದು ಸ್ಕೂಟರಿನಲ್ಲಿ. ರಾತ್ರಿಯಿಡೀ ನಿದ್ದೆಯನ್ನೂ ಉಸಿರನ್ನೂ ಗಮನಿಸುವ ಸ್ಲೀಪ್ ಸ್ಟಡಿ ಪರೀಕ್ಷೆಗೆ ಚೀಟಿ ಬರೆದುಕೊಟ್ಟು ಮೂರು ತಿಂಗಳಾಯಿತು. "ನನಗೇನ್ರಿ, ತಲಿ ಇಟ್ಟ ಕೂಡಲೇ ನಿದ್ದಿ" ಎನ್ನುತ್ತಾರೆ. ಸದ್ಯಕ್ಕೆ ಮಗಳು ವಾರಕ್ಕೆ ಮೂರು ದಿನ ನೀರಿಗೆ ಏಳುವ ಹಾಗೆ, ಅವರು ರಿಕ್ಷಾದಲ್ಲಿ ಹೋಗುವ ಹಾಗೆ ಮಾತಾಗಿದೆ. ಮೊನ್ನೆ ಶನಿವಾರ ಅಕ್ಕ ಫೋನ್ ಮಾಡಿ, ಪರೀಕ್ಷೆಯ ತಾರೀಖು ತಾವೇ ಗೊತ್ತು ಮಾಡಿದ್ದಾಗಿಯೂ, ಆ ರಾತ್ರಿ ಜೊತೆಗೆ ತಾವೇ ಹೋಗುವುದಾಗಿಯೂ ಹೇಳಿದರು.